ರೇಖೆಗಳೇ ಕಾಣದ ಕ್ವೇಸಾರ್: ಬೆಳಕು ಇದೆ, ರೇಖೆ ಎಲ್ಲಿ ಹೋಯಿತು?

ತಾರಾಪಥಿಕ:
ಎಸ್‌ಡಿಎಸ್‌ಎಸ್ ಜೆ0945+1009 (ಎಸ್‌ಡಿಎಸ್‌ಎಸ್ ಒಂದು ದೊಡ್ಡ ಆಕಾಶ ಸಮೀಕ್ಷೆ) ಎಂಬ ಕಾಯದ ರೋಹಿತದ, ಅಂದರೆ ಅಲೆಯುದ್ದವಾರು ಬಿಡಿಸಿದ ಬೆಳಕಿನ ಬಗ್ಗೆ ಒಂದು ಪ್ರಶ್ನೆ. ಕೆಂಪುಪಲ್ಲಟ, ಅಂದರೆ ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆಯುದ್ದ ಎಷ್ಟು ಹಿಗ್ಗಿದೆ ಎಂಬ ಸಂಖ್ಯೆ, 1.66 ಎಂದು ಕೊಟ್ಟಿದ್ದಾರೆ. ನೀಲಿ ಕಡೆಗೆ ಚೆನ್ನಾಗಿ ಏರುವ ಹೊಳಪು ಇದೆ, ಆದರೆ ಕ್ವೇಸಾರ್ (ದೈತ್ಯ ಕಪ್ಪುಕುಳಿ ಅನಿಲ ನುಂಗುವಾಗ ಹೊಳೆಯುವ ಗೆಲಾಕ್ಸಿಯ ನಡು) ಎಂದರೆ ಕಣ್ಣಿಗೆ ರಾಚುವ ಕಾರ್ಬನ್-4 (ಮೂರು ಇಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್) ರೇಖೆಯ ಗೋಪುರ ಇರಬೇಕಲ್ಲ, ಆ ಜಾಗ ಬರೀ ಬಯಲು. ರೇಖೆಯೇ ಇಲ್ಲದಿದ್ದರೆ 1.66 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದನ್ನು ಕ್ವೇಸಾರ್ ಎನ್ನಬೇಕೋ, ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಜೆಟ್ ನಮ್ಮ ಕಡೆಗೇ ಮುಖ ಮಾಡಿರುವ ಬಿಎಲ್ ಲ್ಯಾಸರ್ಟೆ ಜಾತಿಯ ಕಾಯ ಎನ್ನಬೇಕೋ?

ರೋಹಿತ_ನೋಟ:
ರೇಖೆ ಇಲ್ಲವೇ ಇಲ್ಲ ಎನ್ನುವುದು ಸರಿಯಲ್ಲ, ಒಂದು ಉಳಿದಿದೆ. 7448 ಆಂಗ್‌ಸ್ಟ್ರಾಮ್ (ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರ್‌ನ ಕೋಟಿಯಲ್ಲೊಂದು ಭಾಗ) ಹತ್ತಿರ ನೋಡಿ. ಅಲ್ಲಿ ಅಗಲವಾದ ಒಂದು ಉಬ್ಬು ಇದೆ, ಅದು ಮೆಗ್ನೀಷಿಯಮ್-2, ಒಂದು ಇಲೆಕ್ಟ್ರಾನ್ ಕಳೆದುಕೊಂಡ ಮೆಗ್ನೀಷಿಯಮ್. ಮೂಲದಲ್ಲಿ 2800 ಆಂಗ್‌ಸ್ಟ್ರಾಮ್ ಇರುವ ರೇಖೆಯನ್ನು 2.66ರಿಂದ (1 ಕೂಡಿಸು ಕೆಂಪುಪಲ್ಲಟ) ಗುಣಿಸಿದರೆ ಅದೇ ಜಾಗ. ಮೂಲ ಎಂದರೆ ಬೆಳಕು ಹೊರಟಾಗಿನ ಅಲೆಯುದ್ದ. ಈ ಕಾಯಕ್ಕೆ ಕೆಂಪುಪಲ್ಲಟ ಸಿಕ್ಕಿದ್ದೇ ಆ ರೇಖೆಯಿಂದ. ಅದೇ ಲೆಕ್ಕದಲ್ಲಿ ಕಾರ್ಬನ್-4 (ಮೂಲ 1549) 4120ರಲ್ಲಿ, ಕಾರ್ಬನ್-3 (ಮೂಲ 1909) 5078ರಲ್ಲಿ ಬರಬೇಕು. ಮೊದಲನೆಯದು ಇದ್ದೂ ಇಲ್ಲದಂತಿದೆ, ಎರಡನೆಯದು ತೀರಾ ಸಣ್ಣದು.

ಒಂದೇ ರೇಖೆ ನಂಬಿ ಕೆಂಪುಪಲ್ಲಟ ಹೇಳುವಾಗ ಹುಷಾರಾಗಿರಬೇಕು. 7448ರಲ್ಲಿ ಒಂದು ಅಗಲ ಉಬ್ಬು ಕಂಡರೆ ಅದು 0.53 ಕೆಂಪುಪಲ್ಲಟದ ಎಚ್-ಬೀಟಾ ಎಂಬ ಹೈಡ್ರೋಜನ್ ರೇಖೆ ಕೂಡ ಆಗಬಹುದು. ಇಲ್ಲಿ ಅದು ಮೆಗ್ನೀಷಿಯಮ್ಮೇ ಎಂದು ಹೇಳಿಸುವುದು ಅದರ ಎರಡೂ ಬದಿಯ ಕಬ್ಬಿಣದ ದಿಬ್ಬ. ಒಂದು ಇಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣಕ್ಕೆ ಮೂಲದ 2200ರಿಂದ 3000ರವರೆಗೆ ಸಾವಿರಾರು ರೇಖೆಗಳಿವೆ. ಅನಿಲದ ವೇಗದಿಂದ ಅವು ಒಂದರೊಳಗೊಂದು ಬೆರೆತು ಎತ್ತರದ ಹರವಾದ ದಿಬ್ಬವಾಗುತ್ತವೆ. ಎಚ್-ಬೀಟಾ ಆಗಿದ್ದರೆ ದಿಬ್ಬದ ಆಕಾರ ಬೇರೆ, ಜೊತೆಗೆ ಎಚ್-ಗಾಮಾ 6650ರ ಸುತ್ತ ಕಾಣಬೇಕಿತ್ತು.

ರೋಹಿತವನ್ನು 5ರಿಂದ 9 ಪಿಕ್ಸೆಲ್ ಸ್ಮೂದ್ ಮಾಡಿ ನೋಡಿ, ಆಗ ದಿಬ್ಬ ಕಣ್ಣಿಗೆ ಸಿಗುತ್ತದೆ. 5577ರಲ್ಲಿ ಕಾಣುವ ಚೂಪು ಮೊನೆ ನಮ್ಮ ವಾಯುಮಂಡಲದ ಆಮ್ಲಜನಕದ್ದು, ಆಕಾಶದ ಬೆಳಕು ಕಳೆದ ಮೇಲೆ ಉಳಿದ ಚೂರು. 7594ರಿಂದ ಆಚೆಗೆ ವಾಯುಮಂಡಲದ ಆಮ್ಲಜನಕವೇ ಬೆಳಕು ಹೀರುವ ಪಟ್ಟಿ ಇದೆ. ಈ ಕ್ವೇಸಾರ್‌ನಲ್ಲಿ ಅದು ಮೂಲದ 2855ಕ್ಕೆ ಬೀಳುತ್ತದೆ, ಅಂದರೆ ಮೆಗ್ನೀಷಿಯಮ್ ರೇಖೆಯ ಕೆಂಪು ಬದಿಯ ತಪ್ಪಲು. ಆ ಪಟ್ಟಿಯನ್ನು ಸರಿಯಾಗಿ ತಿದ್ದದಿದ್ದರೆ ಮೆಗ್ನೀಷಿಯಮ್ ಇದ್ದದ್ದಕ್ಕಿಂತ ಕಿರಿದಾಗಿ ಕಾಣುತ್ತದೆ. ಕಪ್ಪುಕುಳಿಯ ತೂಕ ಕಟ್ಟುವ ಸೂತ್ರದಲ್ಲಿ ರೇಖೆಯ ಅಗಲ ವರ್ಗವಾಗಿ ಬರುವುದರಿಂದ ಅಗಲದಲ್ಲಿ ಶೇ 10ರ ತಪ್ಪು ತೂಕದಲ್ಲಿ ಶೇ 20 ಆಗುತ್ತದೆ.

ಅಲೆಯುದ್ದ:
ಮೇಲಿನದಕ್ಕೆ ಒಂದು ಸಣ್ಣ ಸೇರ್ಪಡೆ. ಎಸ್‌ಡಿಎಸ್‌ಎಸ್ ಕೊಡುವ ಅಲೆಯುದ್ದ ನಿರ್ವಾತದ ಅಲೆಯುದ್ದ, ಗಾಳಿಯದ್ದಲ್ಲ. ಹಳೆಯ ಪಠ್ಯಗಳ ಪಟ್ಟಿಯಲ್ಲಿರುವ ಎಚ್-ಬೀಟಾ 4861.3 ಗಾಳಿಯದ್ದು, ನಿರ್ವಾತದಲ್ಲಿ 4862.7. ಅಗಲ ರೇಖೆಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಕಿರಿದಾದ ರೇಖೆಗಳಿಂದ ಕೆಂಪುಪಲ್ಲಟ ತೆಗೆಯುವಾಗ ಬರುತ್ತದೆ.

ಇನ್ನು "ಇದ್ದೂ ಇಲ್ಲದಂತಿದೆ" ಎಂಬ ಮಾತಿಗೆ ಸಂಖ್ಯೆ ಬೇಕು. ರೇಖೆಯ ಬಲ ಅಳೆಯುವುದು ಸಮಾನ ಅಗಲದಲ್ಲಿ: ರೇಖೆಯೊಳಗಿನ ಒಟ್ಟು ಬೆಳಕು ಅದರ ಬುಡದ ನಿರಂತರ ಬೆಳಕಿನ ಎಷ್ಟು ಆಂಗ್‌ಸ್ಟ್ರಾಮ್‌ಗೆ ಸಮ ಎಂಬ ಲೆಕ್ಕ. ಪ್ರತಿ ಪಿಕ್ಸೆಲ್‌ನಲ್ಲಿ ಅಳೆದ ಬೆಳಕನ್ನು ನಿರಂತರ ಬೆಳಕಿನಿಂದ ಭಾಗಿಸಿ, 1 ಕಳೆದು, ಪಿಕ್ಸೆಲ್ ಅಗಲದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಕೊನೆಗೆ 2.66ರಿಂದ ಭಾಗಿಸಿದರೆ ಮೂಲದ ಸಮಾನ ಅಗಲ. ಸಾಮಾನ್ಯ ಕ್ವೇಸಾರ್‌ನಲ್ಲಿ ಕಾರ್ಬನ್-4 ಕೆಲವು ಹತ್ತು ಆಂಗ್‌ಸ್ಟ್ರಾಮ್ ಇರುತ್ತದೆ, 10ಕ್ಕಿಂತ ಕಡಿಮೆ ಬಂದರೆ ದುರ್ಬಲ ರೇಖೆಯ ಗುಂಪಿಗೆ ಸೇರಿಸುವುದು ರೂಢಿ.

ತಪ್ಪು ಎಷ್ಟಾಗಬಹುದು? ಮೂಲದ 1500ರಿಂದ 1600ರವರೆಗೆ 100 ಆಂಗ್‌ಸ್ಟ್ರಾಮ್ ಕಿಟಕಿ ಹಿಡಿಯೋಣ. ನಮಗೆ ಕಾಣುವಾಗ ಅದು 266 ಆಂಗ್‌ಸ್ಟ್ರಾಮ್. ಎಸ್‌ಡಿಎಸ್‌ಎಸ್ ಪಿಕ್ಸೆಲ್ ಲಾಗರಿದಮ್‌ನಲ್ಲಿ 0.0001, ಅಂದರೆ ಎಲ್ಲೆಡೆ 69 ಕಿಮೀ/ಸೆ. 4120ರ ಬಳಿ ಅದು 0.95 ಆಂಗ್‌ಸ್ಟ್ರಾಮ್. ಹಾಗಾದರೆ 280 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ನಲ್ಲಿ ಸಂಕೇತ ನಾಯ್ಸ್‌ನ 8 ಪಟ್ಟು ಇದ್ದರೆ ತಪ್ಪು: 280ರ ವರ್ಗಮೂಲ 16.7, ಗುಣಿಸು 0.95, ಭಾಗಿಸು 8, ಸುಮಾರು 2 ಆಂಗ್‌ಸ್ಟ್ರಾಮ್, ಮೂಲದಲ್ಲಿ 0.75. ಪರವಾಗಿಲ್ಲ ಅನಿಸುತ್ತದೆ. ಆದರೆ ನಿರಂತರ ಬೆಳಕಿನ ಗೆರೆಯನ್ನು ಶೇ 2ರಷ್ಟು ಮೇಲೆ ಅಥವಾ ಕೆಳಗೆ ಎಳೆದುಬಿಟ್ಟರೆ 266ರ ಶೇ 2, ಅಂದರೆ 5.3, ಮೂಲದಲ್ಲಿ 2 ಆಂಗ್‌ಸ್ಟ್ರಾಮ್. ನಾಯ್ಸ್‌ನಿಂದಾಗುವ ತಪ್ಪಿಗಿಂತ ಗೆರೆ ಎಳೆಯುವ ಕೈಯ ತಪ್ಪು ಎರಡೂವರೆ ಪಟ್ಟು ದೊಡ್ಡದು. ರೇಖೆಯೇ ಒಂದೆರಡು ಆಂಗ್‌ಸ್ಟ್ರಾಮ್ ಇರುವಾಗ ಇದು ಇಡೀ ಉತ್ತರವನ್ನೇ ನುಂಗುತ್ತದೆ. ದುರ್ಬಲ ರೇಖೆಯ ಕ್ವೇಸಾರ್ ಸಿಕ್ಕಿತು ಎಂದು ಹೇಳುವ ಮೊದಲು ಗೆರೆಯನ್ನು ಮೂರು ರೀತಿಯಲ್ಲಿ ಎಳೆದು ಮೂರೂ ಉತ್ತರ ಬರೆದಿಟ್ಟುಕೊಳ್ಳಬೇಕು.

ತಾರಾಪಥಿಕ:
ಶೇ 2ರ ತಪ್ಪು ಎಲ್ಲಿಂದ ಬರುತ್ತದೆ? ರೇಖೆಯ ಎರಡು ಬದಿಗೆ ಎರಡು ಬಿಂದು ಹಿಡಿದು ಗೆರೆ ಎಳೆದರೆ ಮುಗಿಯಿತಲ್ಲವೇ?

ಅಲೆಯುದ್ದ:
ಆ ಎರಡು ಬಿಂದು ಎಲ್ಲಿ ಎಂಬುದೇ ತಕರಾರು. ಕಾರ್ಬನ್-4ಕ್ಕೆ ರೂಢಿಯ ಸ್ವಚ್ಛ ಜಾಗಗಳು ಎಡಕ್ಕೆ ಮೂಲದ 1445–1465, ಬಲಕ್ಕೆ 1695–1705. ಈ ಕಾಯದಲ್ಲಿ ಎಡ ಬಿಂದು 3844–3897ರಲ್ಲಿ ಬೀಳುತ್ತದೆ. ಮೊದಲ ಎಸ್‌ಡಿಎಸ್‌ಎಸ್ ಉಪಕರಣದ ರೋಹಿತ ಶುರುವಾಗುವುದೇ 3800ರಿಂದ, ಅಂದರೆ ಅತಿ ಹೆಚ್ಚು ನಾಯ್ಸ್ ಇರುವ ತುದಿಗೇ ಗೆರೆಯ ಒಂದು ಕಾಲು ಊರಬೇಕು. ಬಲ ಬಿಂದು 4509–4535, ಅದು ಚೆನ್ನಾಗಿದೆ. ಒಂದು ಕಾಲು ಕೆಸರಿನಲ್ಲಿ, ಒಂದು ಕಾಲು ಬಂಡೆಯ ಮೇಲೆ.

ನಂತರ ಬಂದ ಬಾಸ್ ಸಮೀಕ್ಷೆಯ ಉಪಕರಣ 3600ರಿಂದ 10400ರವರೆಗೆ ನೋಡುತ್ತದೆ, ತುದಿಯ ಸಮಸ್ಯೆ ಕಡಿಮೆ. ಅಲ್ಲಿ ಬೇರೆ ಪೇಚು ಇದೆ. ಕ್ವೇಸಾರ್‌ಗಳ ಫೈಬರನ್ನು (ಒಂದೊಂದು ಕಾಯದ ಬೆಳಕು ಹಿಡಿದು ಉಪಕರಣಕ್ಕೆ ಒಯ್ಯುವ ಎಳೆ) 4000 ಆಂಗ್‌ಸ್ಟ್ರಾಮ್ ಬೆಳಕು ಬೀಳುವ ಜಾಗಕ್ಕೆ ಸರಿಸಿ ಇಟ್ಟಿದ್ದರು, ನೀಲಿ ಬೆಳಕು ಹೆಚ್ಚು ಸಿಗಲಿ ಎಂದು. ಅಳತೆಗೋಲಾಗಿ ಬಳಸಿದ ನಕ್ಷತ್ರಗಳ ಫೈಬರ್ 5400ಕ್ಕೆ ಹೊಂದಿಸಿದ್ದು. ವಾಯುಮಂಡಲ ನೀಲಿಯನ್ನೂ ಕೆಂಪನ್ನೂ ಬೇರೆ ಬೇರೆ ಬಾಗಿಸುವುದರಿಂದ, ಇಂಥ ಅಳತೆಗೋಲು ಹಾಕಿದಾಗ ಕ್ವೇಸಾರ್ ಇದ್ದದ್ದಕ್ಕಿಂತ ನೀಲಿಯಾಗಿ ಕಾಣುತ್ತದೆ. ತಿದ್ದುಪಡಿ ಬಂದಿದೆ, ತಿದ್ದಿದ ರೋಹಿತವನ್ನೇ ಬಳಸಿ. ಕಾರ್ಬನ್-4ರ ಸಣ್ಣ ಕಿಟಕಿಯಲ್ಲಿ ಇದು ಅಷ್ಟಾಗಿ ಕಾಡದು, ಇಡೀ ರೋಹಿತದ ಇಳಿಜಾರು ನೋಡಿ ಕಪ್ಪುಕುಳಿಯ ಸುತ್ತ ಸುತ್ತುವ ಅನಿಲದ ತಟ್ಟೆಯ ತಾಪ ಹೇಳಲು ಹೊರಟರೆ ಕಾಡುತ್ತದೆ.

ಇನ್ನೊಂದು ಮರೆಯಬೇಡಿ. ಕಾರ್ಬನ್-4 ಇರಬೇಕಾದ ಜಾಗದಲ್ಲೇ ಇರುವುದಿಲ್ಲ. ದುರ್ಬಲ ರೇಖೆಯ ಕ್ವೇಸಾರ್‌ಗಳಲ್ಲಿ ಅದು ನೀಲಿ ಕಡೆಗೆ ಸಾವಿರಾರು ಕಿಮೀ/ಸೆ ಸರಿದಿರುವುದು ಸಾಮಾನ್ಯ. 5000 ಕಿಮೀ/ಸೆ ಸರಿದರೆ 4120ರಿಂದ 69 ಆಂಗ್‌ಸ್ಟ್ರಾಮ್ ಎಡಕ್ಕೆ ಹೋಯಿತು. ಕಿರಿದಾದ ಕಿಟಕಿ ಹಾಕಿ "ಇಲ್ಲಿ ಏನೂ ಇಲ್ಲ" ಎಂದರೆ ರೇಖೆ ಕಿಟಕಿಯಿಂದ ಹೊರಗೆ ಕೂತಿರುತ್ತದೆ.

ಕನ್ಯಾರಾಶಿ:
ಜೆಟ್ ವಾದವನ್ನು ಇಷ್ಟು ಬೇಗ ಕೈಬಿಡಬೇಕಿಲ್ಲ ಎಂದು ನನ್ನ ಅನಿಸಿಕೆ. ನಮ್ಮ ಕಡೆಗೆ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಬರುವ ಜೆಟ್‌ನಲ್ಲಿ ಡಾಪ್ಲರ್ ಅಂಶ (ವೇಗದಿಂದ ಬೆಳಕಿನ ಆವರ್ತನ ಎಷ್ಟು ಪಟ್ಟು ಏರಿತು ಎಂಬುದು) 10 ಇದ್ದರೆ, ಅದರ ಮೂರನೇ ಘಾತ ಹಿಡಿದರೂ ಹೊಳಪು ಸಾವಿರ ಪಟ್ಟು ಏರುತ್ತದೆ. ಅಷ್ಟು ಬೆಳಕು ಮೇಲೆ ಸುರಿದರೆ ಯಾವ ರೇಖೆ ತಾನೇ ಕಾಣುತ್ತದೆ? ರೇಖೆ ಇದ್ದಷ್ಟೇ ಇದೆ, ಹಿನ್ನೆಲೆ ಏರಿತು, ಸಮಾನ ಅಗಲ ಕುಸಿಯಿತು.

ಬಿಸಿತಟ್ಟೆ:
ವಾದ ಸರಿಯೇ, ಬಿಎಲ್ ಲ್ಯಾಸರ್ಟೆಗಳಲ್ಲಿ ನಡೆಯುವುದೂ ಅದೇ. ಆದರೆ ನೀರು ಬೆರೆಸಿದರೆ ಹಾಲಿನಲ್ಲಿರುವ ಎಲ್ಲವೂ ಒಂದೇ ಪ್ರಮಾಣದಲ್ಲಿ ತೆಳುವಾಗಬೇಕು. ಜೆಟ್ ಬೆಳಕು ಮೇಲೆ ಸುರಿದಿದ್ದರೆ ಕಾರ್ಬನ್-4 ಎಷ್ಟು ಕುಗ್ಗಿತೋ ಮೆಗ್ನೀಷಿಯಮ್-2 ಕೂಡ ಸುಮಾರಾಗಿ ಅಷ್ಟೇ ಕುಗ್ಗಬೇಕಿತ್ತು. ಜೆ0945ರಲ್ಲಿ ಮೆಗ್ನೀಷಿಯಮ್ ನೆಟ್ಟಗೆ ನಿಂತಿದೆ, ಕಾರ್ಬನ್-4 ಮಾತ್ರ ಮಾಯ. ತೆಳುವಾಗಿಸುವ ವಾದಕ್ಕೆ ಇದು ಒಗ್ಗುವುದಿಲ್ಲ.

ಬೇರೆ ಪರೀಕ್ಷೆಗಳೂ ಇವೆ. ರೇಡಿಯೊ: 5 ಗಿಗಾಹರ್ಟ್ಸ್‌ನ ಹೊಳಪನ್ನು 4400 ಆಂಗ್‌ಸ್ಟ್ರಾಮ್‌ನ ಹೊಳಪಿನಿಂದ ಭಾಗಿಸಿ, 10ಕ್ಕಿಂತ ಕಡಿಮೆ ಬಂದರೆ ರೇಡಿಯೊ ಮೌನಿ, ಬಿಎಲ್ ಲ್ಯಾಸರ್ಟೆಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಮೇಲೆ. ಧ್ರುವೀಕರಣ (ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ): ಜೆಟ್ ಹೊಮ್ಮಿಸುವ ಸಿಂಕ್ರೊಟ್ರಾನ್ ಬೆಳಕು ಕಾಂತಕ್ಷೇತ್ರದಲ್ಲಿ ಸುತ್ತುವ ಇಲೆಕ್ಟ್ರಾನ್‌ಗಳದ್ದು, ಅದರ ಧ್ರುವೀಕರಣ ಶೇ 3ನ್ನು ಸುಲಭವಾಗಿ ದಾಟುತ್ತದೆ. ತಟ್ಟೆಯ ಬೆಳಕು ಶಾಖದ ಬೆಳಕು, ಒಂದೆರಡು ಶೇಕಡಾ ದಾಟುವುದು ಅಪರೂಪ. ಮೂರನೆಯದು ಏರಿಳಿತ: ಜೆಟ್ ಆದರೆ ಒಂದೇ ರಾತ್ರಿಯಲ್ಲೂ ಹೊಳಪು ಬದಲಾಗುವುದುಂಟು. ಮೂರೂ ನೋಡದೆ ಯಾವ ಕಡೆಗೂ ತೀರ್ಪು ಕೊಡಬಾರದು.

ಈ ಗೊಂದಲ ಹೊಸದಲ್ಲ. 1999ರಲ್ಲಿ ಫ್ಯಾನ್ ಮತ್ತು ಸಂಗಡಿಗರು ಎಸ್‌ಡಿಎಸ್‌ಎಸ್ ಜೆ1532−0039 ಎಂಬ 4.62 ಕೆಂಪುಪಲ್ಲಟದ ಕಾಯವನ್ನು ಪ್ರಕಟಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ರೇಡಿಯೊ ಇಲ್ಲ, ಧ್ರುವೀಕರಣ ಇಲ್ಲ, ರೇಖೆಯೂ ಇಲ್ಲ.

ತಾರಾಪಥಿಕ:
ಅದರಲ್ಲಿ ಯಾವ ರೇಖೆಯೂ ಇಲ್ಲದಿದ್ದರೆ 4.62 ಹೇಗೆ?

ರೋಹಿತ_ನೋಟ:
ಅಲ್ಲಿ ನಡುದಾರಿಯ ಹೈಡ್ರೋಜನ್ ಕೆಲಸಕ್ಕೆ ಬರುತ್ತದೆ. ನಮ್ಮ ಮತ್ತು ಕ್ವೇಸಾರ್‌ನ ನಡುವಿನ ಹೈಡ್ರೋಜನ್ ಮೋಡಗಳು ಲೈಮನ್-ಆಲ್ಫಾ (ಹೈಡ್ರೋಜನ್‌ನ ಮೂಲ 1216 ರೇಖೆ) ಅಲೆಯುದ್ದದ ಬೆಳಕು ಹೀರುತ್ತವೆ, ಒಂದೊಂದು ಮೋಡ ಒಂದೊಂದು ಕೆಂಪುಪಲ್ಲಟದಲ್ಲಿ. ಹೀಗಾಗಿ 1216ನ್ನು 5.62ರಿಂದ ಗುಣಿಸಿದ 6834ರ ಎಡಕ್ಕೆ ರೋಹಿತ ಮೆಟ್ಟಿಲಿಳಿದಂತೆ ಬೀಳುತ್ತದೆ. ಹೈಡ್ರೋಜನ್‌ನ ಇಲೆಕ್ಟ್ರಾನನ್ನೇ ಕೀಳುವ ಬೆಳಕಿನ ಅಂಚು 912. ಅದನ್ನು ಗುಣಿಸು 5.62, ಅಂದರೆ 5125ರ ಎಡಕ್ಕೆ ಬೆಳಕು ಹೆಚ್ಚುಕಡಿಮೆ ಪೂರ್ತಿ ನಿಲ್ಲುತ್ತದೆ. ಮೆಟ್ಟಿಲಿನ ಅಂಚಿನಿಂದ ಕೆಂಪುಪಲ್ಲಟ ಹೇಳುತ್ತಾರೆ, ಆದರೆ ಅದರ ಎರಡನೇ ದಶಮಾಂಶವನ್ನು ಪೂರ್ತಿ ನಂಬಲಾಗದು. ಇಂಥವುಗಳಿಗೆ 2009ರಲ್ಲಿ ಡೈಮಂಡ್-ಸ್ಟ್ಯಾನಿಕ್ ಮತ್ತು ಸಂಗಡಿಗರು ಅಳತೆ ಹಾಕಿದರು: ಲೈಮನ್-ಆಲ್ಫಾ ಮತ್ತು ನೈಟ್ರೋಜನ್-5 ಕೂಡಿ ಮೂಲದ ಸಮಾನ ಅಗಲ 15.4 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ. ಸಾಮಾನ್ಯ ಕ್ವೇಸಾರ್‌ಗಳ ಸರಾಸರಿ ಅರವತ್ತರ ಮೇಲಿದೆ. ಕೆಂಪುಪಲ್ಲಟ 3ರ ಆಚೆಗೆ ಅಂಥವು 74 ಸಿಕ್ಕವು.

ಬಿಸಿತಟ್ಟೆ:
ಈಗ ಮೂಲ ಪ್ರಶ್ನೆಗೆ ಬರೋಣ. ಮೆಗ್ನೀಷಿಯಮ್ ಉಳಿದು ಕಾರ್ಬನ್-4 ಹೋಗುವುದು ಯಾಕೆ?

ಕ್ವೇಸಾರ್‌ನ ಅಗಲ ರೇಖೆಗಳ ಅನಿಲ ತಾನಾಗಿ ಕಾಯ್ದು ಹೊಳೆಯುವುದಲ್ಲ. ಕಪ್ಪುಕುಳಿಯ ಸುತ್ತ ಸುತ್ತುವ ತಟ್ಟೆಯಿಂದ ಬರುವ ಅತಿನೇರಳೆ ಮತ್ತು ಕ್ಷ-ಕಿರಣ ಆ ಅನಿಲಕ್ಕೆ ಬಡಿದು ಪರಮಾಣುವಿನ ಇಲೆಕ್ಟ್ರಾನ್ ಕೀಳುತ್ತವೆ, ಅನಿಲ ಆ ಶಕ್ತಿಯನ್ನು ರೇಖೆಗಳಾಗಿ ಹಿಂದಿರುಗಿಸುತ್ತದೆ. ಅನಿಲದ ತಾಪ ಹತ್ತಿಪ್ಪತ್ತು ಸಾವಿರ ಕೆಲ್ವಿನ್ ಮಾತ್ರ. ಒಂದು ಘನ ಸೆಂಟಿಮೀಟರ್‌ಗೆ ನೂರು ಕೋಟಿಗಿಂತ ಹೆಚ್ಚು ಕಣ. ಅಗಲ ರೇಖೆಗಳ ಗುಂಪಿನಲ್ಲಿ ಆಮ್ಲಜನಕದ 5007 ರೇಖೆ ಇಲ್ಲದಿರುವುದೂ ಇದಕ್ಕೇ: ಘನ ಸೆಂಟಿಮೀಟರ್‌ಗೆ ಸುಮಾರು 7 ಲಕ್ಷ ಇಲೆಕ್ಟ್ರಾನ್ ದಾಟಿದರೆ ಪರಮಾಣು ಬೆಳಕು ಬಿಡುವ ಮೊದಲೇ ಡಿಕ್ಕಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಈಗ ಬೆಲೆಪಟ್ಟಿ ನೋಡಿ. ಮೆಗ್ನೀಷಿಯಮ್‌ನ ಮೊದಲ ಇಲೆಕ್ಟ್ರಾನ್ ಕೀಳಲು 7.6 ಇಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಮಾನ) ಸಾಕು. ಹೈಡ್ರೋಜನ್‌ಗೆ 13.6. ಕಾರ್ಬನ್-4 ಆಗಬೇಕಾದರೆ 47.9 ಬೇಕು. ಹೀಲಿಯಮ್‌ನ ಎರಡನೇ ಇಲೆಕ್ಟ್ರಾನ್‌ಗೆ 54.4. ಅಗ್ಗದ ರೇಖೆ ಇದೆ, ದುಬಾರಿ ರೇಖೆ ಇಲ್ಲ ಎಂದರೆ ಅನಿಲ ಖಾಲಿಯಾಗಿಲ್ಲ, ಅನಿಲಕ್ಕೆ ತಲುಪುತ್ತಿರುವ ಬೆಳಕಿನಲ್ಲಿ 48 ಇಲೆಕ್ಟ್ರಾನ್ ವೋಲ್ಟ್‌ಗೆ ಮೇಲ್ಪಟ್ಟ ಫೋಟಾನ್‌ಗಳ ಬರ ಬಂದಿದೆ.

ಬರ ಯಾಕೆ ಬಂತು? ಒಂದು ಉತ್ತರ ತಣ್ಣನೆಯ ತಟ್ಟೆ. 1973ರ ಶಕುರಾ–ಸುನ್ಯಾಯೆವ್ ತಟ್ಟೆಯಲ್ಲಿ ತಾಪ ತೂಕದ ನಾಲ್ಕನೇ ಮೂಲಕ್ಕೆ ವಿಲೋಮ, ಅಂದರೆ ಕಪ್ಪುಕುಳಿ ದೊಡ್ಡದಾದಷ್ಟೂ ತಟ್ಟೆ ತಣ್ಣಗೆ. ಎಡಿಂಗ್ಟನ್ ಮಿತಿಯಲ್ಲಿ (ಬೆಳಕಿನ ಒತ್ತಡ ಗುರುತ್ವಕ್ಕೆ ಸಮನಾಗುವ ಮಟ್ಟ) ಉಣ್ಣುವ 10 ಕೋಟಿ ಸೂರ್ಯ ತೂಕದ ಕಪ್ಪುಕುಳಿಗೆ 5 ಶ್ವಾರ್ಟ್ಸ್‌ಶಿಲ್ಡ್ ತ್ರಿಜ್ಯದಲ್ಲಿ (ಕಪ್ಪುಕುಳಿಯ ಅಂಚಿನ ತ್ರಿಜ್ಯದ ಐದು ಪಟ್ಟು ದೂರ) ಸುಮಾರು 1.9 ಲಕ್ಷ ಕೆಲ್ವಿನ್. 100 ಕೋಟಿಗೆ 1.1 ಲಕ್ಷ, ಬೆಳಕಿನ ಶಿಖರ ಸುಮಾರು 27 ಇಲೆಕ್ಟ್ರಾನ್ ವೋಲ್ಟ್. 1000 ಕೋಟಿಗೆ 60 ಸಾವಿರ ಕೆಲ್ವಿನ್, ಶಿಖರ 15ರ ಆಸುಪಾಸು. 15 ಎಂದರೆ ಹೈಡ್ರೋಜನ್ ಬಾಗಿಲು ತಟ್ಟಬಹುದು, ಕಾರ್ಬನ್-4ರ ಮಹಡಿ ಹತ್ತಲಾಗದು. ಲೆಕ್ಕ ಒರಟು, ದಿಕ್ಕು ಸರಿ.

ಎರಡನೆಯದು ಗೋಡೆ. ಮಿತಿಯ ಹತ್ತಿರ ಅಥವಾ ಮೀರಿ ಅನಿಲ ಸುರಿಯುತ್ತಿದ್ದರೆ ಒಳ ತಟ್ಟೆ ತೆಳ್ಳಗೆ ಉಳಿಯುವುದಿಲ್ಲ, ವಿಕಿರಣದ ಒತ್ತಡದಿಂದ ದೋಸೆ ಹೋಗಿ ಇಡ್ಲಿಯಂತೆ ಉಬ್ಬುತ್ತದೆ. ಉಬ್ಬಿದ ಭಾಗ ಮತ್ತು ಅದರಿಂದ ಏಳುವ ಗಾಳಿ ಒಳಗಿನ ಕ್ಷ-ಕಿರಣ, ತೀಕ್ಷ್ಣ ಅತಿನೇರಳೆಗಳನ್ನು ತಡೆದು ತಟ್ಟೆಯ ಸಮತಲದ ಹತ್ತಿರ ಇರುವ ಅನಿಲಕ್ಕೆ ನೆರಳು ಮಾಡುತ್ತವೆ.

ಮೂರನೆಯದು ಎಳೆಯ ಕ್ವೇಸಾರ್ ವಾದ, ಜೆ0945ಕ್ಕೇ ಹೇಳಿದ್ದು. ತಟ್ಟೆ ಹೊತ್ತಿಕೊಂಡಿದೆ, ತಟ್ಟೆಯಿಂದ ಎದ್ದು ಹರಡಬೇಕಾದ ಅನಿಲ ಇನ್ನೂ ಎತ್ತರಕ್ಕೆ ತಲುಪಿಲ್ಲ.

ಕನ್ಯಾರಾಶಿ:
ಮೆಗ್ನೀಷಿಯಮ್ ವಿಚಾರ ಒಪ್ಪಿದೆ, ಜೆಟ್ ವಾದ ಹಿಂತೆಗೆದುಕೊಳ್ಳುತ್ತೇನೆ. ಆದರೆ ಗೋಡೆಯ ವಾದಕ್ಕೆ ಒಂದು ಆಕ್ಷೇಪಣೆ. ಗೋಡೆ ಕ್ಷ-ಕಿರಣ ತಡೆದರೆ ಈ ಕ್ವೇಸಾರ್‌ಗಳೆಲ್ಲ ಕ್ಷ-ಕಿರಣದಲ್ಲಿ ಮಂಕಾಗಿರಬೇಕು. ಸುಮಾರು ಅರ್ಧದಷ್ಟು ಮಾತ್ರ ಮಂಕು, ಉಳಿದವು ಸಾಮಾನ್ಯವಾಗೇ ಇವೆಯಲ್ಲ?

ಬಿಸಿತಟ್ಟೆ:
ಆ ಅರ್ಧವೇ ಗೋಡೆಯ ಪರ ಇರುವ ಬಲವಾದ ಸಾಕ್ಷಿ. ಅನಿಲ ಇರುವುದು ಸಮತಲದ ಬಳಿ, ಅದು ಯಾವಾಗಲೂ ಗೋಡೆಯ ಆಚೆ. ನಾವು ಎಲ್ಲಿಂದ ನೋಡುತ್ತೇವೆ ಎಂಬುದು ಬೇರೆ ಮಾತು. ಮೇಲಿನಿಂದ ಇಣುಕಿದರೆ ಗೋಡೆಯ ತಲೆಯ ಮೇಲಿಂದ ಒಳಗಿನ ಕ್ಷ-ಕಿರಣ ನೇರವಾಗಿ ಸಿಗುತ್ತದೆ, ರೇಖೆಗಳು ದುರ್ಬಲವಾಗಿಯೇ ಇರುತ್ತವೆ. ಬದಿಯಿಂದ ನೋಡಿದರೆ ನಮಗೂ ಗೋಡೆ ಅಡ್ಡ. ನಮಗೆ ಕಾಣುವ ಬೆಳಕು ಒಂದು, ಅನಿಲಕ್ಕೆ ಕಾಣುವ ಬೆಳಕು ಇನ್ನೊಂದು. ಈ ಕ್ವೇಸಾರ್‌ಗಳಲ್ಲಿ ವಿಚಿತ್ರ ಎನಿಸುವುದರ ಬಹುಪಾಲು ಈ ಎರಡನ್ನು ಒಂದೇ ಎಂದು ಹಿಡಿದದ್ದರಿಂದ ಬಂದದ್ದು.

ಎಸ್‌ಡಿಎಸ್‌ಎಸ್ ಜೆ1539+3954 ನೋಡಿ, ಕೆಂಪುಪಲ್ಲಟ 1.94ರ ಹತ್ತಿರ. ಚಂದ್ರಾ ದೂರದರ್ಶಕ 2013ರಲ್ಲಿ ನೋಡಿದಾಗ ಕ್ಷ-ಕಿರಣದಲ್ಲಿ ತೀರಾ ಮಂಕು. 2019ರಲ್ಲಿ 20 ಪಟ್ಟಿಗೂ ಹೆಚ್ಚು ಹೊಳೆಯುತ್ತಿತ್ತು. ಅತಿನೇರಳೆ ರೋಹಿತ ಮಾತ್ರ ಹಾಗೇ ಇತ್ತು, ರೇಖೆಗಳೂ ದುರ್ಬಲವಾಗೇ ಉಳಿದಿದ್ದವು. ತಟ್ಟೆಯೇ ಬದಲಾಗಿದ್ದರೆ ಅತಿನೇರಳೆಯೂ ಏರಬೇಕಿತ್ತು. ಗೋಡೆಯ ಅಂಚು ನಮ್ಮ ದೃಷ್ಟಿರೇಖೆಯಿಂದ ಸ್ವಲ್ಪ ಸರಿಯಿತು ಎಂದರೆ ಎಲ್ಲವೂ ಹೊಂದುತ್ತದೆ.

ಮಂಕು ಎಷ್ಟು ಎಂದು ಹೇಳುವ ಲೆಕ್ಕವನ್ನೂ ಕೊಡುತ್ತೇನೆ. 2 ಕಿಲೋ ಇಲೆಕ್ಟ್ರಾನ್ ವೋಲ್ಟ್‌ನ ಹೊಳಪನ್ನು 2500 ಆಂಗ್‌ಸ್ಟ್ರಾಮ್‌ನ ಹೊಳಪಿನಿಂದ ಭಾಗಿಸಿ, ಲಾಗರಿದಮ್ ತೆಗೆದು, 0.3838ರಿಂದ ಗುಣಿಸಿ. ಎರಡೂ ಹೊಳಪು ಪ್ರತಿ ಹರ್ಟ್ಸ್‌ಗೆ ಎಷ್ಟು ಎಂಬ ಮಾನದಲ್ಲಿರಬೇಕು. ಎಸ್‌ಡಿಎಸ್‌ಎಸ್‌ನ ಪ್ರತಿ ಆಂಗ್‌ಸ್ಟ್ರಾಮ್ ಮಾನವನ್ನು ಹಾಗೇ ಹಾಕಿದರೆ ಉತ್ತರ ಕೆಡುತ್ತದೆ. ಅಷ್ಟೇ ಹೊಳಪಿನ ಸಾಮಾನ್ಯ ಕ್ವೇಸಾರ್‌ಗಿಂತ 0.4 ಕಡಿಮೆ ಬಂದರೆ ಕ್ಷ-ಕಿರಣ 11 ಪಟ್ಟು ಮಂಕು ಎಂದರ್ಥ. ಹೋಲಿಕೆ ಅಷ್ಟೇ ಹೊಳಪಿನದರ ಜೊತೆಗೇ ಇರಬೇಕು, ಯಾಕೆಂದರೆ ಹೊಳಪು ಹೆಚ್ಚಿದಷ್ಟೂ ಎಲ್ಲ ಕ್ವೇಸಾರ್‌ಗಳಲ್ಲೂ ಕ್ಷ-ಕಿರಣದ ಪಾಲು ಇಳಿಯುತ್ತದೆ. ಕಾರ್ಬನ್-4ರ ಸಮಾನ ಅಗಲವೂ ಹಾಗೇ ಇಳಿಯುತ್ತದೆಂದು ಬಾಲ್ಡ್‌ವಿನ್ 1977ರಲ್ಲೇ ತೋರಿಸಿದ್ದರು.

ಎಲ್ಲದಕ್ಕೂ ಗೋಡೆಯನ್ನೇ ಹೊಣೆ ಮಾಡಲೂ ಆಗದು. ಪಿಎಚ್‌ಎಲ್ 1811 ಎಂಬ ಹತ್ತಿರದ, ಕೆಂಪುಪಲ್ಲಟ 0.192ರ ಕ್ವೇಸಾರ್ ಕ್ಷ-ಕಿರಣದಲ್ಲಿ 30ರಿಂದ 100 ಪಟ್ಟು ಮಂಕು. ಅಲ್ಲಿ 12 ದಿನದ ಅಂತರದಲ್ಲಿ ಕ್ಷ-ಕಿರಣ ಸುಮಾರು 4 ಪಟ್ಟು ಬದಲಾಗಿತ್ತು, ಹೀರಿಕೆಯ ಗುರುತೂ ಸಿಗಲಿಲ್ಲ. ಅದು ಹುಟ್ಟಿನಿಂದಲೇ ಮಂಕು ಎಂದು ಅದನ್ನು ಅಧ್ಯಯನ ಮಾಡಿದವರು ವಾದಿಸಿದರು. ಈ ಒಂದು ಕಾಯದ ಮೇಲೆ ಚರ್ಚೆ ಇನ್ನೂ ಮುಗಿದಿಲ್ಲ, ಮುಗಿದಂತೆ ಬರೆಯುವುದು ತಪ್ಪಾಗುತ್ತದೆ.

ಗ್ರೇಟಿಂಗ್100:
ಇವುಗಳಲ್ಲಿ ಯಾವುದಾದರೂ 8 ಇಂಚಿನ ದೂರದರ್ಶಕಕ್ಕೆ ಸಿಗುತ್ತದೆಯೇ ಎಂದು ಕೇಳುವವರಿಗಾಗಿ: ದುರ್ಬಲ ರೇಖೆಯವು ಸಿಗುವುದಿಲ್ಲ, ಸಾಮಾನ್ಯ ಕ್ವೇಸಾರ್‌ನ ರೇಖೆ ಹೇಗಿರುತ್ತದೆ ಎಂದು ಸ್ವತಃ ನೋಡಲು 3ಸಿ 273 ಸಿಗುತ್ತದೆ. ಕಾಂತಿಮಾನ ಸುಮಾರು 12.9, ಕನ್ಯಾ ರಾಶಿಯಲ್ಲಿ ಈಟಾ ವರ್ಜಿನಿಸ್‌ನಿಂದ ಮೂರೂವರೆ ಡಿಗ್ರಿ ಈಶಾನ್ಯಕ್ಕೆ. ಬೆಂಗಳೂರಿನ ಅಕ್ಷಾಂಶದಲ್ಲಿ ಮಾರ್ಚ್ ಕೊನೆಯ ನಡುರಾತ್ರಿ ದಿಗಂತದಿಂದ 79 ಡಿಗ್ರಿ ಎತ್ತರದಲ್ಲಿರುತ್ತದೆ, ನಮಗೆ ಇದಕ್ಕಿಂತ ಅನುಕೂಲ ಬೇಕಿಲ್ಲ.

ಮಿಲಿಮೀಟರ್‌ಗೆ 100 ಗೆರೆಯ ಸ್ಟಾರ್ ಅನಲೈಸರ್ ಗ್ರೇಟಿಂಗನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜು) ಕ್ಯಾಮೆರಾದ ಮೂತಿಗೆ ತಿರುಗಿಸಿ. ಒಂದು ಪಿಕ್ಸೆಲ್‌ಗೆ ಎಷ್ಟು ಆಂಗ್‌ಸ್ಟ್ರಾಮ್ ಎಂದು ತಿಳಿಯಲು ಪಿಕ್ಸೆಲ್ ಗಾತ್ರ ಮೈಕ್ರಾನ್‌ನಲ್ಲಿ ಗುಣಿಸು 100, ಭಾಗಿಸು ಗ್ರೇಟಿಂಗ್‌ನಿಂದ ಸಂವೇದಕಕ್ಕಿರುವ ದೂರ ಮಿಲಿಮೀಟರ್‌ನಲ್ಲಿ. 3.76 ಮೈಕ್ರಾನ್, 50 ಮಿಮೀ ಆದರೆ 7.5 ಆಂಗ್‌ಸ್ಟ್ರಾಮ್. ಚುಕ್ಕಿಯ ನೇರ ಬಿಂಬದಿಂದ 7600 ಆಂಗ್‌ಸ್ಟ್ರಾಮ್‌ವರೆಗೆ ಸುಮಾರು 1010 ಪಿಕ್ಸೆಲ್. ಎರಡೂ ಚಿತ್ರದೊಳಗೆ ಇರಬೇಕು. 1200 ಮಿಮೀ ಫೋಕಲ್ ಉದ್ದದಲ್ಲಿ 3 ಆರ್ಕ್‌ಸೆಕೆಂಡಿನ ಚುಕ್ಕಿ 17.5 ಮೈಕ್ರಾನ್ ಹರಡುತ್ತದೆ, ಅಂದರೆ 35 ಆಂಗ್‌ಸ್ಟ್ರಾಮ್ ಮಸುಕು. 3ಸಿ 273ರ ಎಚ್-ಬೀಟಾ ಸುಮಾರು 3500 ಕಿಮೀ/ಸೆ ಅಗಲ, 5629ರಲ್ಲಿ 66 ಆಂಗ್‌ಸ್ಟ್ರಾಮ್. ಮಸುಕಿಗಿಂತ ರೇಖೆ ಅಗಲ, ಅದಕ್ಕೇ ಇಷ್ಟು ಸಾಧಾರಣ ಗ್ರೇಟಿಂಗ್‌ಗೂ ಸಿಗುತ್ತದೆ.

60 ಸೆಕೆಂಡಿನ 60 ಚಿತ್ರ ತೆಗೆಯಿರಿ. ನಗರದಂಚಿನ ಆಕಾಶದಲ್ಲೂ ಒಂದು ಗಂಟೆಗೆ ಪ್ರತಿ ಪಿಕ್ಸೆಲ್ ಕಾಲಮ್‌ನಲ್ಲಿ ಸಂಕೇತ ನಾಯ್ಸ್‌ನ 25 ಪಟ್ಟಿನ ಆಸುಪಾಸು ಬರಬೇಕು ಎಂಬುದು ಅಂದಾಜು. ಸೀಳು ಇಲ್ಲದ ಏರ್ಪಾಡಾದ್ದರಿಂದ ಬೀದಿದೀಪದ ಬೆಳಕು ರೇಖೆಯಾಗಿ ಕಾಣದೆ ಇಡೀ ಚಿತ್ರಕ್ಕೆ ಸಮನಾಗಿ ಹರಡುತ್ತದೆ. ಮೇಲಿನ ಕೆಳಗಿನ ಸಾಲುಗಳಿಂದ ಅಳೆದು ಕಳೆಯಿರಿ. ಫೋಕಸನ್ನು ಚುಕ್ಕಿಯ ನೇರ ಬಿಂಬಕ್ಕಲ್ಲ, ಹಸಿರು ರೋಹಿತಕ್ಕೆ ಮಾಡಬೇಕು, ಎರಡರ ಫೋಕಸ್ ಒಂದೇ ಕಡೆ ಕೂರುವುದಿಲ್ಲ. ಅಕ್ಕಪಕ್ಕದ ಚುಕ್ಕಿಯ ಬಿಂಬ ರೋಹಿತದ ಮೇಲೆ ಕೂತರೆ ಅದು ಥೇಟ್ ಉತ್ಸರ್ಜನ ರೇಖೆಯ ಹಾಗೆ ಕಾಣುತ್ತದೆ. ಕ್ಯಾಮೆರಾವನ್ನು 20–30 ಡಿಗ್ರಿ ತಿರುಗಿಸಿ ಇನ್ನೊಮ್ಮೆ ತೆಗೆಯಿರಿ, ಜಾಗ ಬದಲಿಸಿದ್ದು ಚುಕ್ಕಿ, ಉಳಿದದ್ದು ರೇಖೆ. ಅಲೆಯುದ್ದದ ಅಳತೆಗೆ ಅದೇ ರಾತ್ರಿ ಡೆನೆಬೋಲಾ, ನಮ್ಮ ಉತ್ತರೆ ನಕ್ಷತ್ರ, ಒಂದು ಸೆಕೆಂಡು ಸಾಕು. ಅದು ಎ ವರ್ಗದ್ದು, ಹೈಡ್ರೋಜನ್‌ನ ಕಪ್ಪು ಗೆರೆಗಳು ಎದ್ದು ಕಾಣುತ್ತವೆ.

ಎಚ್-ಬೀಟಾ 5629, ಎಚ್-ಗಾಮಾ 5026, ಎಚ್-ಡೆಲ್ಟಾ 4750. 5629 ಭಾಗಿಸು 4861 ಎಂದರೆ 1.158. 1963ರಲ್ಲಿ ಮಾರ್ಟೆನ್ ಸ್ಮಿತ್ ಈ ಸಾಲಿನ ರೇಖೆಗಳ ನಡುವಿನ ಅಂತರ ಹೈಡ್ರೋಜನ್‌ನದ್ದೇ ಎಂದು ಗುರುತಿಸಿದ್ದರಿಂದಲೇ ಕ್ವೇಸಾರ್ ಎಂದರೇನೆಂದು ತಿಳಿದದ್ದು. 10 ಆಂಗ್‌ಸ್ಟ್ರಾಮ್ ತಪ್ಪಿದರೂ ಕೆಂಪುಪಲ್ಲಟದಲ್ಲಿ 0.002 ಮಾತ್ರ. ಎಲ್ಲಕ್ಕಿಂತ ಬಲವಾದ ಎಚ್-ಆಲ್ಫಾ ಹಿಡಿಯಲು ಹೋಗಬೇಡಿ. ಅದು ಬೀಳುವುದು 7600ರಲ್ಲಿ, ಮೇಲೆ ಹೇಳಿದ ವಾಯುಮಂಡಲದ ಆಮ್ಲಜನಕ ಪಟ್ಟಿಯ ಬಾಯಿಗೇ. ಪಟ್ಟಿ ಅದರ ತಲೆ ಕೊರೆದು ಎರಡು ಕೊಂಬಿನ ರೇಖೆ ಮಾಡಿಡುತ್ತದೆ, ನೋಡಿದವರು ಜೋಡಿ ಕಪ್ಪುಕುಳಿ ಎಂದುಕೊಳ್ಳುವ ಅಪಾಯ ಇದೆ. 3800ರ ನೀಲಿ ಬೆಳಕಿನ ಎರಡನೇ ಕ್ರಮಾಂಕವೂ (ಗ್ರೇಟಿಂಗ್ ಎರಡು ಪಟ್ಟು ದೂರಕ್ಕೆ ಬೀಳಿಸುವ ಇನ್ನೊಂದು ರೋಹಿತ) ಅಲ್ಲೇ ಬಂದು ಬೀಳುತ್ತದೆ.

ರೋಹಿತ_ನೋಟ:
ಪಿಎಚ್‌ಎಲ್ 1811 ಕೂಡ ಇದೇ ಏರ್ಪಾಡಿಗೆ ಸಿಗುವಷ್ಟು ಹೊಳಪಿದೆ, 14ರ ಆಸುಪಾಸು. ಆದರೆ ಅದರ ಎಚ್-ಬೀಟಾ 1900 ಕಿಮೀ/ಸೆ ಮಾತ್ರ, 5794ರಲ್ಲಿ 37 ಆಂಗ್‌ಸ್ಟ್ರಾಮ್, ನಿಮ್ಮ ಮಸುಕಿನಷ್ಟೇ. ಎರಡೂ ಬದಿ ಕಬ್ಬಿಣದ ದಿಬ್ಬ ಬೇರೆ. ಮಕರ ರಾಶಿಯಲ್ಲಿರುವುದರಿಂದ ಆಗಸ್ಟಿನ ಮೋಡದಲ್ಲಿ ಹೋಗಿಬಿಡುತ್ತದೆ, ಅಕ್ಟೋಬರ್–ನವೆಂಬರ್ ಸಂಜೆ ನೋಡಬೇಕು.

ಅನಿಲ ಎಷ್ಟು ದೂರದಲ್ಲಿದೆ ಎಂಬುದಕ್ಕೂ 3ಸಿ 273ರಲ್ಲೇ ನೇರ ಅಳತೆ ಇದೆ. 2018ರಲ್ಲಿ ಚಿಲಿಯ ನಾಲ್ಕು 8 ಮೀಟರ್ ದೂರದರ್ಶಕಗಳನ್ನು ಗ್ರ್ಯಾವಿಟಿ ಉಪಕರಣದಿಂದ ಜೋಡಿಸಿ, ಪ್ಯಾಶೆನ್-ಆಲ್ಫಾ ಎಂಬ ಹೈಡ್ರೋಜನ್‌ನ ಅವಕೆಂಪು ರೇಖೆಯ ಕೆಂಪು ಬದಿ ಮತ್ತು ನೀಲಿ ಬದಿ ಆಕಾಶದಲ್ಲಿ ಬೇರೆ ಬೇರೆ ಜಾಗದಿಂದ ಬರುತ್ತವೆ ಎಂದು ತೋರಿಸಿದರು. ಅನಿಲ ಸುತ್ತುತ್ತಿದೆ, ತ್ರಿಜ್ಯ 46 ಮೈಕ್ರೋ ಆರ್ಕ್‌ಸೆಕೆಂಡ್, ಅಂದರೆ 0.12 ಪಾರ್ಸೆಕ್, ಬೆಳಕಿಗೆ ಸುಮಾರು ಐದು ತಿಂಗಳ ದಾರಿ. ಕಪ್ಪುಕುಳಿಯ ತೂಕ ಸುಮಾರು 26 ಕೋಟಿ ಸೂರ್ಯ. ಒಳಗೆ ಬೆಳಕು ಬದಲಾದರೆ ರೇಖೆಗೆ ಸುದ್ದಿ ಮುಟ್ಟಲು ಅಷ್ಟು ತಡ. ಜೆ0159+0033 ಎಂಬ ಕ್ವೇಸಾರ್‌ನಲ್ಲಿ 2000ದಲ್ಲಿದ್ದ ಅಗಲ ಎಚ್-ಬೀಟಾ 2010ಕ್ಕೆ ಮಾಯವಾಗಿತ್ತು. ಆದ್ದರಿಂದ ಒಂದೇ ರಾತ್ರಿಯ ರೋಹಿತ ನೋಡಿ "ದುರ್ಬಲ ರೇಖೆಯದು" ಎಂದು ಹಣೆಪಟ್ಟಿ ಹಚ್ಚದೆ, ವರ್ಷಗಳ ಅಂತರದ ಇನ್ನೊಂದು ರೋಹಿತ ಇದೆಯೇ ಎಂದು ಮೊದಲು ಹುಡುಕಿ.

ತಾರಾಪಥಿಕ:
ಜೆ0945ಕ್ಕೆ ವಾಪಸ್ಸು. ತಣ್ಣನೆಯ ತಟ್ಟೆ, ಗೋಡೆ, ಎಳೆತನ, ಈ ಮೂರನ್ನು ಬೇರ್ಪಡಿಸಲು ಒಂದೇ ಒಂದು ರೇಖೆ ಅಳೆಯಬಹುದಾದರೆ ಯಾವುದು?

ಬಿಸಿತಟ್ಟೆ:
ಹೀಲಿಯಮ್-2, ಮೂಲದ 1640. ಕಾರ್ಬನ್-4ರ ಬಲ ಅನಿಲದ ಸಾಂದ್ರತೆ, ಲೋಹದ ಪ್ರಮಾಣ, ತಾಪ ಎಲ್ಲವನ್ನೂ ನೆಚ್ಚಿಕೊಂಡಿದೆ. ಹೀಲಿಯಮ್-2 ಹಾಗಲ್ಲ. ಕಿತ್ತ ಇಲೆಕ್ಟ್ರಾನ್ ಮರಳಿ ಸೇರುವಾಗ ಬರುವ ರೇಖೆ ಅದು, 54.4 ಇಲೆಕ್ಟ್ರಾನ್ ವೋಲ್ಟ್ ಮೇಲಿನ ಎಷ್ಟು ಫೋಟಾನ್ ಅನಿಲಕ್ಕೆ ತಲುಪಿತು ಎಂಬುದರ ಎಣಿಕೆ ಇದ್ದಂತೆ. ಹೀಲಿಯಮ್ ಇಲ್ಲ, ನಮಗೆ ಕ್ಷ-ಕಿರಣ ಸಾಮಾನ್ಯವಾಗಿದೆ ಎಂದಾದರೆ ಗೋಡೆಯ ಕಡೆ ತೂಕ ಹೆಚ್ಚು. ಎಳೆತನವಾದರೆ ಮೆಗ್ನೀಷಿಯಮ್‌ನಂತೆ ತಟ್ಟೆಯ ಬಳಿ ಹುಟ್ಟುವ ರೇಖೆಗಳು ಉಳಿದು, ಎತ್ತರದ ಅನಿಲದ ರೇಖೆಗಳು ಮಾತ್ರ ಸೊರಗಿರಬೇಕು, ಅವಕೆಂಪಿನಲ್ಲಿ ಎಚ್-ಬೀಟಾ ಕೂಡ ಅಳೆದು ನೋಡಬೇಕು. ಈ ಕೆಂಪುಪಲ್ಲಟದಲ್ಲಿ ಅದು 1.29 ಮೈಕ್ರಾನ್. ತಣ್ಣನೆಯ ತಟ್ಟೆಯಾದರೆ ನಿರಂತರ ಬೆಳಕೇ ಅತಿನೇರಳೆಯ ಕಡೆ ಬಾಗಿ ಇಳಿಯಬೇಕು, ಅದಕ್ಕೆ ಮೂಲದ 1000 ಆಂಗ್‌ಸ್ಟ್ರಾಮ್‌ವರೆಗೆ ನೋಡುವ ಬಾಹ್ಯಾಕಾಶ ದೂರದರ್ಶಕ ಬೇಕು.

ಅಲೆಯುದ್ದ:
ಹೀಲಿಯಮ್ ಅಳೆಯುವವರಿಗೆ ಒಂದು ಎಚ್ಚರಿಕೆ. 1640 ಗುಣಿಸು 2.66 ಎಂದರೆ 4362. ನಗರದ ಪಾದರಸ ದೀಪದ ರೇಖೆ ನಿರ್ವಾತದ ಅಳತೆಯಲ್ಲಿ 4359.6. ಆಕಾಶ ಕಳೆಯುವಾಗ ಸ್ವಲ್ಪ ಕಡಿಮೆ ಕಳೆದರೆ ಇಲ್ಲದ ಹೀಲಿಯಮ್ ಹುಟ್ಟುತ್ತದೆ, ಹೆಚ್ಚು ಕಳೆದರೆ ಇದ್ದದ್ದೂ ಸಾಯುತ್ತದೆ. ಆ ಸುತ್ತಿನ ಹತ್ತು ಪಿಕ್ಸೆಲ್ ತೆಗೆದುಹಾಕಿ ಉಳಿದದ್ದರಿಂದ ಅಳೆಯಿರಿ. ಅಗಲ ರೇಖೆ ನೂರಾರು ಪಿಕ್ಸೆಲ್‌ಗೆ ಹರಡಿರುತ್ತದೆ, ಹತ್ತು ಹೋದರೆ ನಷ್ಟವಿಲ್ಲ. ತೆಗೆದ ಮೇಲೂ ಉಬ್ಬು ಉಳಿದರೆ ಅದು ಕ್ವೇಸಾರ್‌ನದು.